ಗೋಂದಣ್ಣನ ಗಡ್ಡೆ

ಗೋಂದಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಮಿಕ್ಕ ದಿನಗಳಲ್ಲಿ ಆ ಹೆಸರಿನ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಸರ್ಕಾರದ ಸಸ್ಯಭಂಡಾರದಲ್ಲಿ ಒಣಗಿದ ಗಿಡಗಳನ್ನು ದಪ್ಪ ಹಾಳೆಯ ಮೇಲೆ ಗೋಂದು ಹಚ್ಚಿ ಅಂಟಿಸುವುದು ಅವನ ಉದ್ಯೋಗ. ಕೋಣೆ ತುಂಬ ಕಬ್ಬಿಣದ ಬೀರು, ಬೀರು ತುಂಬ ಹಾಳೆ, ಹಾಳೆಗೊಂದು ಸತ್ತ ಗಿಡ, ಗಿಡದ ಪಕ್ಕ ಒಂದು ಚೀಟಿ, ಇವೆಲ್ಲದರ ಮೇಲೆ ನುಸಿಗುಳಿಗೆಯ ವಾಸನೆ. ಆ ವಾಸನೆ ಗೋಂದಣ್ಣನ ಅಂಗಿಗೂ ಹತ್ತಿಕೊಂಡಿತ್ತಾದ್ದರಿಂದ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ ಇರುತ್ತಿತ್ತು. ಜನ ತನ್ನ ಹುದ್ದೆಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದು ಅವನು ಕಾಲು ಚಾಚಿ ಕೂರುತ್ತಿದ್ದ.

ಅವನ ಎದೆಯಲ್ಲಿ ಒಂದೇ ಒಂದು ಆಸೆ ಕೂತಿತ್ತು. ಇಷ್ಟು ವರ್ಷ ಕಂಡವರ ಹೆಸರಿನ ಚೀಟಿಗಳನ್ನೇ ಅಂಟಿಸಿದ್ದಾಯಿತು. ಸಾಯುವುದರೊಳಗೆ ಒಂದು ಗಿಡಕ್ಕಾದರೂ ತನ್ನ ಹೆಸರಿರಬೇಕು. ಇದು ದುರಾಸೆ ಎನ್ನುವವರು ಒಮ್ಮೆ ಆ ಬೀರುಗಳನ್ನು ತೆಗೆದು ನೋಡಬೇಕು. ಹಿಂದಿನ ನಿರ್ದೇಶಕರೊಬ್ಬರ ಮಾವನ ಹೆಸರು ಹೊತ್ತ ಪಾಚಿಯೊಂದು ಅಲ್ಲಿದೆ. ಆ ಮಾವ ಜನ್ಮದಲ್ಲಿ ಒಮ್ಮೆ ಪಾಚಿಯ ಮೇಲೆ ಜಾರಿ ಬಿದ್ದಿದ್ದರು ಎನ್ನುವುದನ್ನು ಬಿಟ್ಟರೆ ಸಸ್ಯಶಾಸ್ತ್ರಕ್ಕೂ ಅವರಿಗೂ ಯಾವ ನಂಟೂ ಇರಲಿಲ್ಲ.

ಗಿಡಕ್ಕೆ ಹೆಸರಿಡುವುದೆಂದರೆ ಮಗುವಿಗೆ ಹೆಸರಿಟ್ಟಷ್ಟು ಸಲೀಸಲ್ಲ. ಬದುಕಿರುವ ಗಿಡದ ಮುಂದೆ ನಿಂತು ನೀನು ಇಂಥವನು ಎಂದರೆ ಶಾಸ್ತ್ರ ಒಪ್ಪುವುದಿಲ್ಲ. ಆ ಜಾತಿಯ ಒಂದು ಗಿಡವನ್ನು ಆರಿಸಬೇಕು. ಬೇರು, ಎಲೆ, ಹೂವು, ಗಡ್ಡೆಯಿದ್ದರೆ ಗಡ್ಡೆ, ಎಲ್ಲ ಸಮೇತ ಕೊಂದು ಒಣಗಿಸಿ ಹಾಳೆಗೆ ಅಂಟಿಸಬೇಕು. ಒಣಗದ ಭಾಗವನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿ ಇಡಬೇಕು. ಹೆಸರು ಸೇರುವುದು ಆ ಹೆಣಕ್ಕೆ. ಲೋಕದಲ್ಲಿ ಉಳಿದ ಅದರ ಬಂಧುಬಳಗವೆಲ್ಲ ಆ ಹೆಸರನ್ನು ಕಡ ತಂದು ಬದುಕಬೇಕು. ಹೀಗೆ ಆರಿಸಿದ ಗಿಡಕ್ಕೆ ಮೂಲ ಮಾದರಿ ಎನ್ನುತ್ತಾರೆ. ಭಂಡಾರದವರು ಬಾಯಿ ಸವೆಸುವುದು ಬೇಡವೆಂದು ಬರೀ ‘ಮೂಲ’ ಎನ್ನುತ್ತಿದ್ದರು. ಹೊರಗಿನವರಿಗೆ ಆ ಮಾತು ಕೂರಲೂ ಬಿಡದ ಒಂದು ಕಾಯಿಲೆಯ ಹೆಸರು ಎಂಬುದು ಅವರಿಗೆ ಹೊಳೆದಿರಲಿಲ್ಲ. ಇನ್ನೊಂದು ಮಾತು: ಕಂಡುಹಿಡಿದವನು ತನಗೆ ತಾನೇ ಹೆಸರಿಟ್ಟುಕೊಳ್ಳುವುದು ಈ ಶಾಸ್ತ್ರದಲ್ಲಿ ಮಾನಗೇಡಿ ಕೆಲಸ. ಇನ್ನೊಬ್ಬರು ಇಡಬೇಕು, ತಾನು ಬೇಡ ಬೇಡ ಎನ್ನಬೇಕು.

ಒಂದು ದಿನ ಗೋಂದಣ್ಣನ ಟವೆಲ್ಲು ಗಾಳಿಗೆ ಹಾರಿ ಮನೆಯ ಹಿಂದಿನ ಖಾಲಿ ಸೈಟಿಗೆ ಬಿತ್ತು. ಬೈಯುತ್ತ ಗೋಡೆ ಹತ್ತಿ ಇಳಿದವನಿಗೆ ಜಲ್ಲಿ ರಾಶಿಯ ಪಕ್ಕದಲ್ಲಿ ಬೆಳ್ಳನೆಯ ಹೂಗಳು ಕಂಡವು. ಹೂವೇನೋ ರಸ್ತೆ ಬದಿಯ ಮಾಮೂಲಿ ಹೂವೇ. ಆದರೆ ಒಂದನ್ನು ಕಿತ್ತು ನೋಡಿದರೆ ಕೆಳಗಿನ ಗಡ್ಡೆಗೆ ಈರುಳ್ಳಿಯ ಹಾಗೆ ನಯವಾದ ಸಿಪ್ಪೆಯಿಲ್ಲ. ಬಲೆ ಹೆಣೆದ ಹಾಗೆ ನಾರಿನ ಅಂಗಿ. ಭಂಡಾರದ ಯಾವ ಹಾಳೆಯಲ್ಲೂ ಇಂಥ ಅಂಗಿಯ ಗಡ್ಡೆಯನ್ನು ಅವನು ಅಂಟಿಸಿರಲಿಲ್ಲ. ಬೇರೆ ಯಾರ ಕಣ್ಣಿಗಾದರೂ ಬಿದ್ದರೆ ಗತಿಯೇನು ಎಂದು ಅಲ್ಲಿದ್ದ ಅಷ್ಟೂ ಗಿಡಗಳನ್ನು ಕಿತ್ತು ಟವೆಲ್ಲಿನಲ್ಲಿ ಗಂಟು ಕಟ್ಟಿದ. ಜಗತ್ತಿಗೆ ಒಂದು ಹೊಸ ಗಿಡವನ್ನು ಪರಿಚಯಿಸುವ ಉತ್ಸಾಹದಲ್ಲಿ ಅದನ್ನು ಜಗತ್ತಿನಲ್ಲಿ ಒಂದೂ ಉಳಿಸಲಿಲ್ಲ.

ಗಡ್ಡೆಯ ಗಿಡಗಳು ಸಾಯುವುದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮೊದಲು ಕುದಿಯುವ ನೀರಿನಲ್ಲಿ ಅದ್ದಬೇಕು. ಗೋಂದಣ್ಣನಿಗೆ ಇದು ಗೊತ್ತಿತ್ತು, ಸಂಭ್ರಮದಲ್ಲಿ ಮರೆತುಹೋಯಿತು. ಹಳೇ ಪೇಪರಿನ ನಡುವೆ ಜೋಡಿಸಿ ಹಾಸಿಗೆಯ ಕೆಳಗೆ ತುರುಕಿದ, ಹೆಂಡತಿ ಮಲಗುವ ಕಡೆಗೆ, ಯಾಕೆಂದರೆ ತೂಕ ಆ ಕಡೆ ಜಾಸ್ತಿ. ಕೆಲವು ದಿನಗಳ ಮೇಲೆ ಆಕೆ ಬೆಡ್‌ಶೀಟು ಬದಲಿಸಲು ಹೋದಾಗ ಹಾಸಿಗೆಯ ಅಂಚಿನಿಂದ ಹಸಿರು ಮೊಳಕೆಗಳು ಇಣುಕುತ್ತಿದ್ದವು. ಮೊಳೆಯದವು ಕೊಳೆತು ಹಾಸಿಗೆಗೆ ಇಳಿದಿದ್ದವು. ಆಕೆ ಅಷ್ಟನ್ನೂ ಬಳಿದು ಕಸದ ಗಾಡಿಗೆ ಹಾಕಿ, ಇನ್ನೊಂದು ಹುಲ್ಲುಕಡ್ಡಿ ಈ ಮನೆಯೊಳಗೆ ಬಂದರೆ ನೀವು ಹೊರಗೆ ಎಂದು ಗಂಡನಿಗೆ ತಿಳಿಸಿದಳು. ಇದು ಏನು, ಎತ್ತ ಎಂದು ಕೇಳಲಿಲ್ಲ. ಹೇಳುವ ಧೈರ್ಯ ಅವನಿಗೂ ಬರಲಿಲ್ಲ.

ಪುಣ್ಯಕ್ಕೆ ಅವನು ಮೊದಲೇ ಆಫೀಸಿಗೆ ಒಯ್ದಿದ್ದ ಒಂದು ಗಿಡ ಮಾತ್ರ ಅಲ್ಲಿ ಸರಿಯಾಗಿ ಒಣಗಿತ್ತು, ಎಲೆ ಹೂವು ಸಮೇತ. ಅದರ ಗಡ್ಡೆಯನ್ನು ಎರಡು ಹೋಳು ಮಾಡಿ ಬೇರೆ ಇಟ್ಟಿದ್ದ. ಒಂದು ಹೋಳು ಕೊಳೆಯಿತು. ಇನ್ನೊಂದನ್ನು ಸ್ಪಿರಿಟ್ ಬಾಟಲಿಗೆ ಹಾಕಿ, ಚೀಟಿ ಬರೆದು ಕಟ್ಟಿ, ಮನೆಗೆ ತಂದು ಅಟ್ಟದ ಮೇಲೆ ಬಚ್ಚಿಟ್ಟ. ಆಫೀಸಿನಲ್ಲಿ ಇಡುವಂತಿರಲಿಲ್ಲ, ಒಬ್ಬ ತಂದ ಗಿಡ ಇನ್ನೊಬ್ಬನ ಹೆಸರಿನಲ್ಲಿ ಅಚ್ಚಾಗುವುದನ್ನು ಅವನು ಬೇಕಾದಷ್ಟು ಕಂಡಿದ್ದ. ಹೀಗಾಗಿ ಆ ಇಡೀ ಜಾತಿಯ ಮಾನ ಈಗ ಅಟ್ಟದ ಮೇಲಿನ ಆ ಅರ್ಧ ಗಡ್ಡೆಯ ಮೇಲೆ ನಿಂತಿತ್ತು. ಅದೊಂದು ಇಲ್ಲದಿದ್ದರೆ ಹಾಳೆಯ ಮೇಲಿನ ಗಿಡ ರಸ್ತೆ ಬದಿಯ ಕಳೆಯೇ ಸರಿ.

ನಿರ್ದೇಶಕರು ರಜೆಯ ಮೇಲೆ ಊರಿಗೆ ಹೋಗಿದ್ದರು. ಅವರು ಬರುವವರೆಗೆ ಕಾದರೆ ಗೋಂದಣ್ಣನ ಹೊಟ್ಟೆ ಒಡೆದುಹೋಗುತ್ತಿತ್ತು. ಹೆಂಡತಿಗೆ ಕೇಳಿಸಬಾರದೆಂದು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಫೋನು ಮಾಡಿದ. ಗೋಡೆಯ ಆಚೆ ಪಕ್ಕದ ಮನೆಯ ಟೈಲರಮ್ಮ ಬಟ್ಟೆ ಒಣಹಾಕುತ್ತಿದ್ದಳು. ಊರಿನ ಅರ್ಧ ಜನರ ಅಳತೆ ಆಕೆಯ ಟೇಪಿನಲ್ಲಿದ್ದರೆ, ಪೂರ್ತಿ ಜನರ ಸುದ್ದಿ ನಾಲಿಗೆಯಲ್ಲಿತ್ತು. ಆಕೆಯ ಕಿವಿಗೆ ಬಿದ್ದದ್ದು ಇಷ್ಟು:

“ಸರ್, ಗಡ್ಡೆ ಇರೋದು ಖಾತ್ರಿ ಆಯ್ತು. ಹೌದು ಸರ್, ಕೊಯ್ದು ನೋಡಾಯ್ತು. ಇಂಥದ್ದು ಇಲ್ಲೀವರೆಗೆ ಯಾರಲ್ಲೂ ಕಂಡಿಲ್ಲ ಸರ್. ಮೂಲ ಅಂತೂ ಇದೇ. ಮನೇಲಿ ಹೇಳಿಲ್ಲ, ಅವಳು ತಡ್ಕೊಳ್ಳಲ್ಲ. ನಾಳೆ ನಾನಿರಲಿ ಇಲ್ಲದಿರಲಿ, ನನ್ನ ಹೆಸರೊಂದು ಉಳಿದರೆ ಸಾಕು ಸರ್.”

ನಮ್ಮ ಭಾಷೆ ಉದಾರಿ. ಮಣ್ಣಿನೊಳಗೆ ಬೆಳೆಯುವುದಕ್ಕೂ ಮೈಯೊಳಗೆ ಬೆಳೆಯುವುದಕ್ಕೂ ಒಂದೇ ಮಾತು ಸಾಕೆಂದು ಅದು ತೀರ್ಮಾನಿಸಿದೆ. ಟೈಲರಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಗೋಂದಣ್ಣ ಆಫೀಸಿಗೆ ಹೊರಡುವುದನ್ನೇ ಕಾದು, ಅವನ ಹೆಂಡತಿಯ ಕೈ ಹಿಡಿದುಕೊಂಡು ಕಣ್ಣೀರಾದಳು. ನಿಮ್ಮವರಿಗೆ ಗಡ್ಡೆಯಂತೆ, ಈಗಾಗಲೇ ಕೊಯ್ದಿದ್ದಾರಂತೆ, ಇಂಥದ್ದು ಜಗತ್ತಿನಲ್ಲಿ ಯಾರಿಗೂ ಬಂದಿಲ್ಲವಂತೆ. ಸಾಲದ್ದಕ್ಕೆ ಮೂಲ ಬೇರೆ ಇದೆಯಂತೆ. ನೀವು ತಡೆದುಕೊಳ್ಳುವುದಿಲ್ಲ ಎಂದು ಒಬ್ಬರೇ ನುಂಗಿಕೊಂಡಿದ್ದಾರೆ. ನೀವೂ ಗೊತ್ತಿಲ್ಲದ ಹಾಗೇ ಇದ್ದುಬಿಡಿ, ಅದೇ ಅವರಿಗೆ ನೆಮ್ಮದಿ.

ಹೆಂಡತಿ ನಂಬಿದಳು. ಹಾಸಿಗೆಯ ವಿಷಯಕ್ಕೆ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗಿ ಚುಚ್ಚಿದವು. ಕೂಡಲೇ ತಮ್ಮನಿಗೆ ಫೋನು ಮಾಡಿದಳು. ಈ ಭಾವಮೈದ ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ; ಹೀಗಾಗಿ ಇಡೀ ಬಳಗಕ್ಕೆ ಅರ್ಧ ಡಾಕ್ಟರು. ಬಂದವನೇ, ಆಪರೇಷನ್ ಆಗಿದೆ ಎಂದ ಮೇಲೆ ಎಲ್ಲಾದರೂ ರಿಪೋರ್ಟು ಇರಲೇಬೇಕು ಎಂದು ಮನೆಯನ್ನೆಲ್ಲ ಜಾಲಾಡಿದ. ಅಟ್ಟದ ಮೇಲೆ ಬಾಟಲಿ ಸಿಕ್ಕಿತು. ಒಳಗೆ ಬಿಳಿಚಿಕೊಂಡ, ಪದರು ಪದರಾದ, ನಾರು ನಾರಾದ ಒಂದು ಮುದ್ದೆ. ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಗೋಂದಣ್ಣನದೇ ದುಂಡು ಅಕ್ಷರ: ‘ಗಡ್ಡೆ, ಅರ್ಧ ಭಾಗ. ಇನ್ನರ್ಧ ಕೊಳೆತಿದೆ. ಮೂಲ.’

ಅರ್ಧ ಡಾಕ್ಟರು ಅಟ್ಟದ ಏಣಿಯ ಮೇಲೇ ನಿಂತು ಚೀಟಿಯನ್ನು ಇನ್ನೊಮ್ಮೆ ಓದಿದ.

“ಅರ್ಧ ತೆಗೆದಿದಾರೆ ಅಕ್ಕ,” ಎಂದ. “ಇನ್ನರ್ಧ ಒಳಗೇ ಕೊಳೀತಾ ಇದೆ.”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ತಮ್ಮ ಸಮಾಧಾನ ಹೇಳಿದ. ತನಗೆ ಗುರುತಿನ ದೊಡ್ಡ ಲ್ಯಾಬ್ ಇದೆ, ಇದನ್ನು ಅಲ್ಲಿ ಕೊಟ್ಟರೆ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡುತ್ತಾರೆ, ಭಾವನಿಗೆ ಮಾತ್ರ ಸುಳಿವು ಸಿಗಬಾರದು ಎಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಗೋಂದಣ್ಣನಿಗೆ ಸುಳಿವು ಸಿಗುವಂತೆಯೂ ಇರಲಿಲ್ಲ. ಅಟ್ಟದ ಕಡೆ ಕಣ್ಣೆತ್ತಿದರೆ ಹೆಂಡತಿಗೆ ಅನುಮಾನ ಬಂದೀತೆಂದು ಅವನು ಆ ದಿನಗಳಲ್ಲಿ ಮನೆಯೊಳಗೆ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ. ಅದನ್ನು ನೋಡಿ ಆಕೆಗೆ ಇನ್ನಷ್ಟು ಅಳು ಬರುತ್ತಿತ್ತು.

ಅವತ್ತಿನಿಂದ ಮನೆಯ ಹವಾಮಾನವೇ ಬದಲಾಯಿತು. ಸ್ನಾನಕ್ಕೆ ಬಿಸಿನೀರು ತಾನಾಗಿ ಬಂತು. ಟೀ ಕೂತಲ್ಲಿಗೆ ಬಂತು, ಅದೂ ಕೇಳದೆ. ಕುರ್ಚಿಯ ಮೇಲೆ ಮೆತ್ತನೆಯ ದಿಂಬು ಬಂದು ಕೂತಿತು. ಅದು ಮೂಲದ ಲೆಕ್ಕಕ್ಕೆ ಎಂದು ಅವನಿಗೆ ತಿಳಿಯಲಿಲ್ಲ. ಟೈಲರಮ್ಮ ಅವನಿಗೊಂದು ಸಡಿಲವಾದ ಅಂಗಿ ಹೊಲಿದು ತಂದು, ಬೇಡವೆಂದರೂ ಕೈಗೆ ತುರುಕಿ, ಮೂಗೊರೆಸಿಕೊಳ್ಳುತ್ತ ಹೋದಳು. ಹೋಳಿಗೆ ಹೋಳು ಕೂಡಿಸಿ ನೋಡಿದ ಗೋಂದಣ್ಣನಿಗೆ ವಿಷಯ ಹೊಳೆಯಿತು. ಅವತ್ತು ತಾನು ಫೋನಿನಲ್ಲಿ ಆಡಿದ್ದು ಗೋಡೆಯಾಚೆ ಕೇಳಿಸಿದೆ. ತಾನು ಹೊಸ ಗಡ್ಡೆ ಕಂಡುಹಿಡಿದದ್ದು ಎಲ್ಲರಿಗೂ ಗೊತ್ತಾಗಿದೆ. ವಿಜ್ಞಾನಕ್ಕೆ ಈ ಬೀದಿಯಲ್ಲಿ ಇಷ್ಟು ಗೌರವ ಇದೆಯೆಂದು ಅವನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎದೆ ಉಬ್ಬಿತು. ನಡಿಗೆಯಲ್ಲಿ ಒಂದು ಗಾಂಭೀರ್ಯ ಬಂತು. ನೋಡಿದವರು, ಪಾಪ, ನೋವನ್ನು ಎಷ್ಟು ಅದುಮಿಟ್ಟುಕೊಂಡು ನಡೆಯುತ್ತಿದ್ದಾರೆ ಅಂದರು.

ಅವನ ಸ್ವಂತ ಅಕ್ಕ, ಯಾವುದೋ ಹಳೆಯ ಮುನಿಸಿಗೆ ಬಾಗಿಲು ತುಳಿಯದೇ ಇದ್ದವಳು, ಹಣ್ಣಿನ ಬುಟ್ಟಿ ಹಿಡಿದು ಬಂದಳು. ತಮ್ಮನ ಎದುರು ಕೂತು ಅವನ ಮುಖವನ್ನೇ ನೋಡಿದಳು.

“ನಂಗೆಲ್ಲ ಗೊತ್ತಾಯ್ತು ಕಣೋ.”

“ಗೊತ್ತಾಯ್ತಾ? ಒಳ್ಳೇದಾಯ್ತು ಬಿಡು ಅಕ್ಕ. ನಾನಾಗಿ ಹೇಳ್ಕೊಂಡರೆ ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ.”

“ಎಷ್ಟು ದಿನದಿಂದ ಇತ್ತೋ?”

“ಎಷ್ಟು ವರ್ಷದಿಂದ ಇತ್ತೋ ಯಾರಿಗ್ಗೊತ್ತು. ಗೊತ್ತಾಗಿದ್ದು ಈಗ.”

“ಭಯ ಆಗಲ್ವೇನೋ ನಿಂಗೆ?”

“ಭಯ ಯಾಕೆ? ಇದು ಎಲ್ಲರಿಗೂ ಸಿಗಲ್ಲ ಅಕ್ಕ. ನಮ್ಮಾಫೀಸಲ್ಲೇ ಎಷ್ಟು ಜನ ಇದಕ್ಕೋಸ್ಕರ ಜೀವಮಾನವೆಲ್ಲ ಕಾದು, ಸಿಗದೇ ರಿಟೈರ್ ಆಗಿ ಹೋದರು.”

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ತಮ್ಮ ಜ್ಞಾನಿಯಾಗಿಬಿಟ್ಟಿದ್ದಾನೆ ಎಂದು ಅಡುಗೆಮನೆಗೆ ಹೋಗಿ ಹೇಳಿದಳು. ಗೋಂದಣ್ಣ ಹಣ್ಣು ಸುಲಿದು ತಿನ್ನುತ್ತ, ಮನುಷ್ಯನಿಗೆ ಹೆಸರು ಬಂದರೆ ಸಂಬಂಧಗಳು ಹೇಗೆ ತಾವಾಗಿಯೇ ರಿಪೇರಿಯಾಗುತ್ತವೆ ಎಂದು ಯೋಚಿಸುತ್ತಿದ್ದ.

ಆದರೂ ಅವನಿಗೆ ಒಂದು ಚಿಂತೆ ಇತ್ತು. ಫೋನಿನಲ್ಲಿ ನಿರ್ದೇಶಕರು ಹೆಸರಿನ ಮಾತಿಗೆ ಖಚಿತ ಉತ್ತರ ಕೊಟ್ಟಿರಲಿಲ್ಲ. ಇಲಾಖೆಯ ಕಾರ್ಯದರ್ಶಿಗಳ ಹೆಸರಿನಲ್ಲಿ ಇನ್ನೂ ಒಂದು ಗಿಡವೂ ಇಲ್ಲ, ಅದು ನಮಗೆ ಶೋಭೆಯಲ್ಲ ಎಂದಷ್ಟೇ ಹೇಳಿ ಫೋನು ಇಟ್ಟಿದ್ದರು. ಗೋಂದಣ್ಣನ ಪಾಲಿಗೆ ಉಳಿಯುವುದು ಎಂದಿನಂತೆ ಗೋಂದು ಮಾತ್ರ ಎನ್ನುವ ಲಕ್ಷಣ ಕಾಣುತ್ತಿತ್ತು.

ಅಷ್ಟರಲ್ಲಿ ಅವನ ಹೆಂಡತಿ, ಗಂಡನಿಗೆ ಗೊತ್ತಾಗದ ಹಾಗೆ, ರಜೆ ಮುಗಿಸಿ ಬಂದ ನಿರ್ದೇಶಕರನ್ನು ಅವರ ಮನೆಯಲ್ಲೇ ಕಂಡಳು. ನಮ್ಮವರಿಗೆ ಗಡ್ಡೆ ಆಗಿದೆ, ಅರ್ಧ ಒಳಗೇ ಇದೆ, ದಯವಿಟ್ಟು ಎತ್ತರದ ಬೀರುಗಳ ಕೆಲಸ ಕೊಡಬೇಡಿ ಎಂದು ಬೇಡಿಕೊಂಡಳು. ಒಬ್ಬ ಮನುಷ್ಯ ಒಂದೇ ತಿಂಗಳಲ್ಲಿ ಮಣ್ಣಿನಲ್ಲೊಂದು, ಮೈಯಲ್ಲೊಂದು, ಎರಡು ಗಡ್ಡೆಗಳನ್ನು ಕಂಡುಕೊಂಡದ್ದು ನಿರ್ದೇಶಕರಿಗೆ ವಿಧಿಯ ಕ್ರೂರ ಹಾಸ್ಯವಾಗಿ ಕಂಡಿತು. ಅವರು ನಿಜಕ್ಕೂ ಕರಗಿದರು. ಕರಗಿದ ಮೇಲೆ ಲೆಕ್ಕ ಹಾಕಿದರು. ಬದುಕಿರುವ ನೌಕರನ ಹೆಸರು ಗಿಡಕ್ಕಿಟ್ಟರೆ ನಾಳೆ ಅವನು ಬಡ್ತಿ ಕೇಳುತ್ತಾನೆ, ಪಕ್ಕದ ಟೇಬಲ್ಲಿನವನು ನನಗೂ ಇಡಿ ಎನ್ನುತ್ತಾನೆ. ಸಾಯುವವನ ಹೆಸರಿಟ್ಟರೆ ಈ ಯಾವ ರಗಳೆಯೂ ಇಲ್ಲ, ಮೇಲಾಗಿ ನಿರ್ದೇಶಕರ ಮನಸ್ಸು ದೊಡ್ಡದೆಂದು ನಾಲ್ಕು ಜನ ಹೇಳುತ್ತಾರೆ. ಮರುದಿನ ಗೋಂದಣ್ಣನನ್ನು ಕೋಣೆಗೆ ಕರೆಸಿ, ಅವರ ಜನ್ಮದಲ್ಲಿ ಮೊದಲ ಬಾರಿಗೆ, ಕೂತ್ಕೊಳ್ಳಿ ಅಂದರು.

“ಎಷ್ಟು ಟೈಮ್ ಇದೆ ಅಂತ ಹೇಳಿದಾರೆ?” ಎಂದು ಮೆಲ್ಲಗೆ ಕೇಳಿದರು.

ಲೇಖನ ಅಚ್ಚಿಗೆ ಹೋಗುವ ಅವಧಿ ಕೇಳುತ್ತಿದ್ದಾರೆ ಎಂದುಕೊಂಡ ಗೋಂದಣ್ಣ, “ತಡ ಆಗಬಾರದು ಸರ್. ಈ ತಿಂಗಳಲ್ಲೇ ಮುಗಿದುಹೋದರೆ ನನಗೆ ನೆಮ್ಮದಿ,” ಅಂದ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಗಿಡಕ್ಕೆ ನಿಮ್ಮದೇ ಹೆಸರು, ಬರುವ ಶನಿವಾರ ಎಲ್ಲರ ಮುಂದೆ ಹೇಳುತ್ತೇನೆ ಅಂದರು. ಶಾಸ್ತ್ರದ ಪ್ರಕಾರ ಬೇಡ ಬೇಡ ಎನ್ನಬೇಕೆಂದು ಗೋಂದಣ್ಣನಿಗೆ ಗೊತ್ತಿತ್ತು. ಬಾಯಿಂದ ಬಂದದ್ದು, ಇನಿಷಿಯಲ್ ಸಮೇತ ಇಡ್ತೀರಾ ಸರ್, ಎಂಬ ಮಾತು.

ಶನಿವಾರ ಭಂಡಾರದ ಓದುಕೋಣೆಯಲ್ಲಿ ಕುರ್ಚಿ ಹಾಕಿದರು. ಆಫೀಸಿನವರೆಲ್ಲ ಬಂದರು. ಗೋಂದಣ್ಣನ ಹೆಂಡತಿ, ಅಕ್ಕ, ಟೈಲರಮ್ಮ ಮುಂದಿನ ಸಾಲಿನಲ್ಲಿ ಕೂತು ಆಗಲೇ ಕರ್ಚೀಫು ತೆಗೆದಿದ್ದರು. ಮೇಜಿನ ಮೇಲೆ ಎಲೆ ಹೂವು ಅಂಟಿಸಿದ ಹಾಳೆ ಇತ್ತು. ಬಾಟಲಿಯನ್ನು ಕೊನೇ ಗಳಿಗೆಯಲ್ಲಿ ತಂದಿಟ್ಟರೆ ಚಪ್ಪಾಳೆ ಜೋರಾಗಿ ಬೀಳುತ್ತದೆಂದು ಗೋಂದಣ್ಣ ಬೆಳಿಗ್ಗೆ ಅಟ್ಟ ಹತ್ತಲು ಹೊರಟಿದ್ದ. ನಿಮಗೆ ಏಣಿ ಹತ್ತೋ ಶಕ್ತಿ ಎಲ್ಲಿದೆ ಎಂದು ಹೆಂಡತಿ ಕಾಲು ಹಿಡಿದುಕೊಂಡಿದ್ದಳು. ಸಭೆ ಮುಗಿದ ಮೇಲೆ ತಂದರಾಯಿತೆಂದು ಬಂದಿದ್ದ.

ನಿರ್ದೇಶಕರು ಭಾವುಕರಾಗಿ ಮಾತಾಡಿದರು. ನಮ್ಮ ನಡುವೆ ಇನ್ನು ಹೆಚ್ಚು ಕಾಲ ಇರದ ಈ ಸಹೋದ್ಯೋಗಿ, ಎಂದು ಶುರು ಮಾಡಿದಾಗ ತನಗೆ ಮೇಲಿನ ಆಫೀಸಿಗೆ ಬಡ್ತಿಯೂ ಆಗಿದೆ ಎಂದು ಗೋಂದಣ್ಣ ನೆಟ್ಟಗೆ ಕೂತ. ಅವರು ಎಲ್ಲಿಗೆ ಹೋದರೂ ಅವರ ಆತ್ಮಕ್ಕೆ, ಎನ್ನುವಷ್ಟರಲ್ಲಿ ಬಾಗಿಲು ಧಡಾರೆಂದು ತೆರೆದುಕೊಂಡಿತು. ಭಾವಮೈದ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಲ್ಯಾಬಿನ ಕವರಿತ್ತು.

“ಅಕ್ಕಾ, ಅಪಾಯ ಇಲ್ಲವಂತೆ. ಬರೀ ಗಡ್ಡೆ ಅಂತೆ. ಭಾವಂಗೆ ಏನೂ ಆಗಲ್ಲ.”

ಕೋಣೆಯೆಲ್ಲ ಎದ್ದು ನಿಂತಿತು. ಹೆಂಡತಿ ಟೈಲರಮ್ಮನನ್ನು ತಬ್ಬಿಕೊಂಡು ಅತ್ತಳು. ಚಪ್ಪಾಳೆ ಬಿತ್ತು. ನಿರ್ದೇಶಕರು ಮಾತ್ರ ಭಾಷಣ ಬರೆದ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

“ಯಾವ ಗಡ್ಡೆ?” ಅಂದ ಗೋಂದಣ್ಣ.

“ನಿಮ್ಮದೇ ಭಾವ. ಅಟ್ಟದ ಮೇಲೆ ಬಾಟಲೀಲಿ ಬಚ್ಚಿಟ್ಟಿದ್ರಲ್ಲ, ಅದೇ.”

“ಅದನ್ನ ಏನ್ ಮಾಡಿದ್ರಿ?”

“ಪರೀಕ್ಷೆ ಭಾವ. ಮೇಣದಲ್ಲಿ ಹೂತು, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಿದಾರೆ. ಒಂದು ಚೂರೂ ಬಿಟ್ಟಿಲ್ಲ.”

ಗೋಂದಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡು, ಅಯ್ಯೋ ನನ್ನ ಗಡ್ಡೆ ಹೋಯ್ತಲ್ಲಪ್ಪಾ, ನಾನು ಸತ್ತೆ ಎಂದು ಗೋಳಾಡಿದ. ಗಡ್ಡೆ ಹೋದದ್ದಕ್ಕೆ ಇಷ್ಟು ಅಳುವ ರೋಗಿಯನ್ನು ಸಭೆ ಕಂಡಿರಲಿಲ್ಲ. ಸಂತೋಷ ತಲೆಗೇರಿದೆ, ನೀರು ಕುಡಿಸಿ ಎಂದು ಯಾರೋ ಅಂದರು. ಅವನು ನೀರು ತಳ್ಳಿ, ಹಾಳೆಯನ್ನು ತೋರಿಸಿ, ಗಿಡದ ಗಡ್ಡೆ ಕಣ್ರೀ ಅದು, ಈ ಗಿಡದ್ದು, ಮೂಲದ್ದು ಎಂದು ಬಿಡಿಸಿ ಬಿಡಿಸಿ ಹೇಳುವ ಹೊತ್ತಿಗೆ ಚಪ್ಪಾಳೆ ನಿಂತಿತ್ತು.

ಮನುಷ್ಯ ಸಾಯುತ್ತಾನೆ ಎಂದರೆ ಕ್ಷಮಿಸುವ ಜನ, ಸಾಯುವುದಿಲ್ಲ ಎಂದರೆ ಕ್ಷಮಿಸುವುದಿಲ್ಲ. ಅಕ್ಕನಿಗೆ ಹಳೆಯ ಮುನಿಸು ಅಲ್ಲಿಯೇ, ನಿಂತ ಕಾಲಲ್ಲಿ ಮರಳಿ ಬಂತು. ಸುಮ್ಮಸುಮ್ಮನೆ ನನ್ನನ್ನು ಅಳಿಸಿದೆಯಲ್ಲೋ ಎಂದು ಚಪ್ಪಲಿ ಮೆಟ್ಟಿದಳು. ಟೈಲರಮ್ಮ, ಅಂಗಿ ಹೇಗೂ ನಿಮಗೆ ದೊಗಲೆ, ವಾಪಸು ಕೊಟ್ಟರೆ ಬೇರೆ ಯಾರಿಗಾದರೂ ಆಗುತ್ತೆ ಅಂದಳು. ಭಾವಮೈದ ಒಬ್ಬನೇ ಸೋಲೊಪ್ಪಲಿಲ್ಲ. ಲ್ಯಾಬಿನವರು ಗಡ್ಡೆ ಅಂತ ಬರೆದಿದ್ದಾರೆ, ಅದು ಗಡ್ಡೆಯೇ. ಅಪಾಯವಿಲ್ಲ ಅಂತ ಬರೆದಿದ್ದಾರೆ, ಅಪಾಯವಿಲ್ಲ. ಯಾವ ಅಕ್ಷರ ಸುಳ್ಳು, ತೋರಿಸಿ ಎಂದು ಕವರು ಹಿಡಿದು ಎಲ್ಲರ ಮುಂದೂ ನಿಂತ. ನಿರ್ದೇಶಕರು ಹತ್ತಿರ ಬಂದು, ನೀವು ಆರೋಗ್ಯವಾಗಿರೋದು ನಮ್ಮೆಲ್ಲರಿಗೂ ಸಂತೋಷ ಎಂದರು. ಅವರ ಮುಖ ಮಾತ್ರ ಮೋಸ ಹೋದವರ ಮುಖ. ಬದುಕುವವನಿಗೆ ಹೆಸರು ಕೊಡುವ ಪ್ರಶ್ನೆಯೇ ಇರಲಿಲ್ಲ, ಮತ್ತು ಮೂಲದ ಗಡ್ಡೆಯೇ ಇಲ್ಲವಾದ ಮೇಲೆ ಕೊಡಲು ಹೆಸರೂ ಇರಲಿಲ್ಲ.

ಆದರೆ ಸರ್ಕಾರಿ ಗಿಡ ಅಷ್ಟು ಸುಲಭಕ್ಕೆ ಇಲ್ಲವಾಗುವುದಿಲ್ಲ. ನಮ್ಮಲ್ಲಿ ಹೊಸ ಜಾತಿ ಸಿಕ್ಕಿದೆ ಎಂದು ನಿರ್ದೇಶಕರು ಮೇಲಕ್ಕೆ ತಿಳಿಸಿ, ಮೇಲಿನಿಂದ ಶಹಬಾಸ್‌ಗಿರಿಯೂ ಬಂದಾಗಿತ್ತು. ಶಹಬಾಸ್‌ಗಿರಿ ವಾಪಸು ಕಳಿಸುವ ಪದ್ಧತಿ ಇಲ್ಲ. ತುಂಬ ತಲೆ ಕೆರೆದುಕೊಂಡ ಮೇಲೆ ಅವರಿಗೆ ಹೊಳೆಯಿತು: ತೆಳ್ಳಗೆ ಕೊಯ್ದರೂ ಗಡ್ಡೆ ಗಡ್ಡೆಯೇ. ಲ್ಯಾಬಿನಲ್ಲಿ ಗಾಜಿನ ಪಟ್ಟಿಗಳ ಮೇಲೆ ಅದರ ಚೂರುಗಳಿವೆ, ನಾರಿನ ಬಲೆ ಸಮೇತ. ಅದನ್ನೇ ಮೂಲ ಎಂದು ಆರಿಸೋಣ.

ಗೋಂದಣ್ಣನನ್ನೇ ತರಲು ಕಳಿಸಿದರು. ರೋಗಿಗೆ ಅಥವಾ ರೋಗಿಯ ವಾರಸುದಾರರಿಗೆ ಮಾತ್ರ ಕೊಡುತ್ತೇವೆ ಎಂದರು ಲ್ಯಾಬಿನವರು. ರೋಗಿ ನಾನೇ ಎಂದು ಅವನು ರುಜು ಹಾಕಿ ತಂದ. ಪ್ರತಿ ಗಾಜಿನ ಮೇಲೂ ಅವನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಕೆಳಗೆ ರೋಗಿ, ಗಂಡು, ವಯಸ್ಸು ಇಷ್ಟು. ಮೂಲದ ಜೊತೆ ಬಂದ ಯಾವ ಚೀಟಿಯನ್ನೂ ಕಿತ್ತುಹಾಕುವಂತಿಲ್ಲ ಎನ್ನುವುದು ಭಂಡಾರದ ಕಟ್ಟುನಿಟ್ಟು. ಗೋಂದಣ್ಣ ತನ್ನ ಹೆಸರನ್ನು ತಾನೇ, ಅತ್ಯಂತ ಒಳ್ಳೆಯ ಗೋಂದು ಕಲಸಿ, ಆ ಹಾಳೆಗೆ ಭದ್ರಪಡಿಸಿದ.

ಇನ್ನು ಗಿಡದ ಹೆಸರು. ನಿರ್ದೇಶಕರು ಕಾರ್ಯದರ್ಶಿಗಳ ಹೆಸರನ್ನೇ ಮತ್ತೆ ಎತ್ತಿಕೊಂಡರು. ಅವರ ಆಪ್ತ ಸಹಾಯಕ ಫೋನು ಮಾಡಿ, ಏನ್ರೀ, ಸಾಹೇಬರ ಹೆಸರು ಗಡ್ಡೆಗಾ ಎಂದು ಕೇಳಿದ್ದೇ ತಡ, ಆ ಯೋಚನೆ ಬಿದ್ದುಹೋಯಿತು. ತಮ್ಮ ಹೆಸರಿಡಿಸಿಕೊಳ್ಳಲು ನಿರ್ದೇಶಕರಿಗೂ ಧೈರ್ಯವಾಗಲಿಲ್ಲ. ಗೋಂದಣ್ಣ ಎರಡು ಸಲ ಅವರ ಬಾಗಿಲಲ್ಲಿ ಸುಮ್ಮನೆ ಹಾದುಹೋಗಿ ಕೆಮ್ಮಿದ. ಈಗ ಆರೋಗ್ಯ ಚೆನ್ನಾಗಿದೆಯಲ್ಲ ಎಂದು ಅವರು ಕೇಳಿದ ಧಾಟಿಗೆ ಅವನ ಕೆಮ್ಮು ನಿಂತಿತು. ಕೊನೆಗೆ ಯಾರ ಹೆಸರಿನ ತಂಟೆಯೂ ಬೇಡವೆಂದು ಲ್ಯಾಬಿನ ರಿಪೋರ್ಟಿನಲ್ಲಿದ್ದ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿ ಅಚ್ಚಿಗೆ ಕಳಿಸಿದರು.

ಪತ್ರಿಕೆ ಬಂದ ದಿನ ಗೋಂದಣ್ಣ ಅದನ್ನು ಮನೆಗೆ ತಂದು, ಹೆಂಡತಿಯ ಮುಂದೆ ಹಾಕಿ, ಗೋಡೆ ಕಡೆ ಮುಖ ಮಾಡಿ ಕೂತ. ಸಭೆಯ ದಿನದಿಂದ ಆಕೆ ಅವನೊಡನೆ ಬೇಕಾದಷ್ಟೇ ಮಾತು ಇಟ್ಟುಕೊಂಡಿದ್ದಳು. ಬಿಸಿನೀರು ನಿಂತಿತ್ತು, ದಿಂಬು ಹೋಗಿತ್ತು. ಆದರೂ ಅವನ ಮುಖ ನೋಡಿ ತಡೆಯಲಾರದೆ ಏನಾಯಿತೆಂದು ಕೇಳಿದಳು. ಜನ್ಮದಲ್ಲಿ ಒಂದೇ ಒಂದು ಆಸೆ ಇತ್ತು, ಅದೂ ಮಣ್ಣುಪಾಲಾಯಿತು, ಗಿಡಕ್ಕೆ ನನ್ನ ಹೆಸರು ಇಡಲಿಲ್ಲ ಎಂದು ಅವನು ಹೇಳಿದ. ಮತ್ತೆ ಯಾರದ್ದು ಇಟ್ಟರು ಎಂದಳು. ಯಾರದ್ದೂ ಇಲ್ಲ, ಅಪಾಯವಿಲ್ಲದ ಗಡ್ಡೆ ಅಂತ ಇಟ್ಟರು ಎಂದ.

ಹೆಂಡತಿ ಪತ್ರಿಕೆಯನ್ನು ಕೈಗೆತ್ತಿಕೊಂಡು, ಒಂದಕ್ಷರವೂ ತಿಳಿಯದ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನಿಮ್ಮ ಹೆಸರು ಇಟ್ಟಿಲ್ಲ ಅಂದೋರು ಯಾರು?” ಎಂದಳು. “ಇಷ್ಟು ವರ್ಷದಿಂದ ನಾನು ಈ ಮನೇಲಿ ಸಾಕ್ತಾ ಇರೋದು ಅದನ್ನೇ ಅಲ್ವಾ.”